ಬಲಗಣ್ಣಿನ ಅಂಚಿನಲ್ಲಿ

ಔಡಲೆಣ್ಣೆಯ ದೀಪ ಉರಿಯುವಾಗ ಅದಕ್ಕೊಂದು ವಾಸನೆ ಇರುತ್ತದೆ. ಸ್ವಲ್ಪ ಕಮಟು, ಸ್ವಲ್ಪ ಸಿಹಿ. ಬಾಗಲಕೋಟೆಯ ಮನೆಯ ಪಡಸಾಲೆಯಲ್ಲಿ ಶೈಲಶ್ರೀಯ ಅಜ್ಜಿ ಆ ದೀಪದ ಮೇಲೆ ಹಿತ್ತಾಳೆಯ ತಾಟು ಬೋರಲು ಹಾಕಿ, ತಾಟಿಗೆ ಹತ್ತಿದ ಮಸಿಗೆ ಬೆಣ್ಣೆ ಕಲಸಿ ಕಾಡಿಗೆ ಮಾಡುತ್ತಿದ್ದಳು. ಮೊಮ್ಮಗಳ ಗದ್ದ ಹಿಡಿದು, "ಮ್ಯಾಲ ನೋಡು, ಅಳಗ್ಯಾಡಬ್ಯಾಡ," ಎನ್ನುತ್ತ ಕಿರುಬೆರಳಿನಿಂದ ಹಚ್ಚುತ್ತಿದ್ದಳು. ಮೊದಲು ಉರಿ, ಆಮೇಲೆ ತಂಪು.

ಅಜ್ಜಿ ಹೋದಳು, ಮನೆ ಹೋಯಿತು, ಅವುಗಳ ಜೊತೆಗೆ ಆ ವಾಸನೆಯೂ ಹೋಯಿತು. ಅರವತ್ತು ವರ್ಷಗಳಾದ ಮೇಲೆ ಅದು ಪುಣೆಯಲ್ಲಿ, ಶಿವಾಜಿನಗರದ ಹಿಂದಿನ ಓಣಿಯಲ್ಲಿ, ಬೆಳಗಿನ ಎಳೆಬಿಸಿಲಿನೊಳಗೆ ತೇಲಿ ಬಂತು. ಬಂದದ್ದು ಬಲಗಡೆಯಿಂದ. ಅದೇ ಹೊತ್ತಿಗೆ ಅವಳ ಬಲಗಣ್ಣಿನ ಅಂಚಿನಲ್ಲಿ ಯಾರೋ ಬಂದು ನಿಂತ ಹಾಗಾಯಿತು.

ಶೈಲಶ್ರೀ ತಟ್ಟನೆ ಹೊರಳಿ ನೋಡಿದಳು.

ಇವತ್ತು ಅಲ್ಲಿ ನಿಜವಾಗಿಯೂ ಒಬ್ಬ ಮನುಷ್ಯನಿದ್ದ. ಎಪ್ಪತ್ತರ ಹತ್ತಿರದ ವಯಸ್ಸು, ನೀಟಾಗಿ ಬಾಚಿದ ಬಿಳಿ ಕೂದಲು, ಇಸ್ತ್ರಿಯ ಗೆರೆ ಇನ್ನೂ ಮುರಿಯದ ತಿಳಿನೀಲಿ ಶರ್ಟು. ಅವಳು ಹೊರಳಿದ್ದೇ ತಡ, ಆತನ ಕೈ ತಾನಾಗಿ ಕಾಲರಿಗೆ ಹೋಯಿತು.

"ನಮಸ್ಕಾರ್ರಿ ಬಾಯಾರ," ಎಂದ. ಆಮೇಲೆ ನೆಲ ನೋಡುತ್ತ, ಮೀಸೆಯ ಕೆಳಗೇ ನಕ್ಕು, "ಇವತ್ತೂ?" ಎಂದ.

"ಇವತ್ತೂ ಅಂದ್ರ?"

"ಅಲ್ಲ... ಇವತ್ತೂ ವಾಕಿಂಗ್ ಬಂದೀರಿ ಅಂತ."

ಆತ ಹೇಳಹೊರಟದ್ದು ಬೇರೆಯೇ ಏನೋ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಗೊತ್ತಾಗದೆ ಏನು? ನಿವೃತ್ತಳಾಗುವ ತನಕ ಜೀವವಿಮೆಯ ಕಚೇರಿಯೊಂದರಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದೇ ಅವಳ ಕೆಲಸವಾಗಿತ್ತು. ಜನ ಎಲ್ಲಿ ತಡವರಿಸುತ್ತಾರೆ, ಎಲ್ಲಿ ಮಾತು ಬದಲಿಸುತ್ತಾರೆ, ಅದೆಲ್ಲ ಅವಳಿಗೆ ರೂಢಿ. ತಪ್ಪುಗಳಿದ್ದ ಕ್ಲೇಮಿನ ಬಗ್ಗೆ ಅವಳಿಗೆ ಅಂಥ ಅನುಮಾನವಿರುತ್ತಿರಲಿಲ್ಲ. ಎಲ್ಲವೂ ಚೊಕ್ಕಟವಾಗಿದ್ದದ್ದನ್ನೇ ಎರಡು ಸಲ ಓದುತ್ತಿದ್ದಳು. ಹರೆಯದಲ್ಲಿ ಬಂದ ವರಗಳನ್ನೂ ಹಾಗೆಯೇ ಓದಿದ್ದಳು. ಒಬ್ಬನ ನಗು ಅತಿಯಾಯಿತು, ಒಬ್ಬನ ವಿನಯ ಅತಿಯಾಯಿತು. ಕೊನೆಗೆ ಯಾವ ಕ್ಲೇಮೂ ಪಾಸಾಗಲಿಲ್ಲ.

ಈ ಮನುಷ್ಯನ ಶರ್ಟು ಕೂಡ ಸ್ವಲ್ಪ ಅತಿಯಾಗಿಯೇ ಚೊಕ್ಕಟವಾಗಿತ್ತು.

"ಹೌದು, ವಾಕಿಂಗ್," ಎಂದಷ್ಟೇ ಹೇಳಿ ಅವಳು ಬಿರಬಿರನೆ ನಡೆದಳು. ಬಲಗಣ್ಣಿನ ಅಂಚಿನಲ್ಲಿ ಯಾರೋ ಜೊತೆಗೇ ಬಂದರು.

*

ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಪಟ್ಟಿ ಬಿಚ್ಚಿದ ದಿನ ಲೋಕವನ್ನೇ ಯಾರೋ ತೊಳೆದು ಒಣಹಾಕಿದ ಹಾಗೆ ಕಂಡಿತ್ತು. ಕೆನೆಬಣ್ಣದ್ದೆಂದು ತಿಳಿದಿದ್ದ ಗೋಡೆ ಅಚ್ಚಬಿಳಿ. ಕಪ್ಪೆಂದು ಉಟ್ಟ ಇಲಕಲ್ ಸೀರೆ ನೇರಳೆ. "ಚಾರ್ಟಿನ ಕೊನೆಯ ಸಾಲು ಓದುತ್ತಿದ್ದೀರಿ, ಇನ್ನೇನು ಬೇಕು?" ಎಂದು ಡಾಕ್ಟರ್ ನೀತಾ ಬೆನ್ನು ತಟ್ಟಿದ್ದರು.

ಎದುರಿಗಿನದೆಲ್ಲ ಸರಿ. ತೊಂದರೆ ಇದ್ದದ್ದು ಬದಿಯಲ್ಲಿ. ಬಲಗಣ್ಣಿನ ಹೊರ ಅಂಚಿಗೆ ಚೌತಿಯ ಚಂದ್ರನ ಆಕಾರದ ಒಂದು ಕಪ್ಪು ನೆರಳು ಅಂಟಿಕೊಂಡಿತ್ತು. ಬಿಸಿಲೇರಿದಷ್ಟೂ ಗಾಢ. ಕೆಲವೊಮ್ಮೆ ಅದರ ಪಕ್ಕದಲ್ಲೇ ಬಳೆ ಹೊಳೆದಂತೆ ಒಂದು ಮಿಣುಕು. ಸಂಜೆ ಬೀದಿದೀಪಗಳಿಗೆಲ್ಲ ಮುಳ್ಳು ಮೂಡುತ್ತಿದ್ದವು. ಮುಳ್ಳನ್ನು ಅವಳು ಸಹಿಸಿಕೊಂಡಳು. ನೆರಳನ್ನು ಸಹಿಸುವುದು ಕಷ್ಟವಾಯಿತು, ಏಕೆಂದರೆ ಅದು ನೆರಳಿನಂತಿರದೆ ಮನುಷ್ಯನಂತಿತ್ತು. ಹೆಗಲಿಗೆ ಹೆಗಲು ಕೊಟ್ಟು ಯಾರೋ ನಿಂತಂತೆ. ಹೊರಳಿದರೆ ಇಲ್ಲ. ಮುಂದೆ ನೋಡಿದರೆ ಮತ್ತೆ ಬಂದು ನಿಂತಿದ್ದಾರೆ.

ಮೊದಲು ಅವಳು ಕಣ್ಣೊಳಗೆ ಕೂಡಿಸಿದ ಲೆನ್ಸಿನ ಮೇಲೆ ಅನುಮಾನಪಟ್ಟಳು. ಆಮೇಲೆ ಆಸ್ಪತ್ರೆಯ ಮೇಲೆ. ಕೊನೆಗೆ ತನ್ನ ತಲೆಯ ಮೇಲೆ. ಅಲ್ಲಿಗೆ ಬಂದ ಮೇಲೆ ಬಾಯಿ ಕಟ್ಟಿಹೋಯಿತು.

ಅವಳ ಅವ್ವ ಕೊನೆಯ ದಿನಗಳಲ್ಲಿ ಖಾಲಿ ಗೋಡೆಯ ಕಡೆ ಕೈಮಾಡಿ, "ಅವ್ರು ಆವಾಗಿಂದ ನಿಂತಾರ, ಒಂದು ಕಪ್ ಚಾ ಕೊಡ್ರಿ," ಎನ್ನುತ್ತಿದ್ದಳು. ಬಂದವರು ನಕ್ಕು ಹೋಗುತ್ತಿದ್ದರು. ಶೈಲಶ್ರೀ ನಗುತ್ತಿರಲಿಲ್ಲ. ಒಂದು ಕಪ್ ಚಹಾ ತಂದು ಗೋಡೆಯ ಹತ್ತಿರ ಇಡುತ್ತಿದ್ದಳು, ಅವ್ವನಿಗೆ ಸಮಾಧಾನವಾಗುತ್ತಿತ್ತು. ಈಗ ತನಗೂ ಯಾರೋ ನಿಂತಂತೆ ಕಾಣುತ್ತಿದೆ ಎಂದರೆ?

ತಂಗಿಯ ಮಗಳು ಅಪೇಕ್ಷಾ ವಿಮಾನ ನಗರದಲ್ಲಿ ಅವಳಿಗಾಗಿ ಒಂದು ಕೋಣೆ ಸಿದ್ಧ ಮಾಡಿಟ್ಟಿದ್ದಳು. "ಮಾವಶಿ, ಸ್ವಲ್ಪ ಏನರ ಪ್ರಾಬ್ಲೆಮ್ ಆತು ಅಂದ್ರ ನೀ ಸೀದಾ ನನ್ನ ಹತ್ರ. ನೋ ಡಿಸ್ಕಶನ್." ಪ್ರೀತಿಯ ಮಾತೇ. ಆದರೂ ತನ್ನ ಬೀಗದಕೈ, ತನ್ನ ಒಲೆ, ತನ್ನ ಕಿಟಕಿ ಬಿಟ್ಟು ಹೋಗಲು ಶೈಲಶ್ರೀಗೆ ಮನಸ್ಸಿರಲಿಲ್ಲ. ಹಾಗಾಗಿ ನೆರಳಿನ ಮಾತು ಯಾರಿಗೂ ಹೇಳಲಿಲ್ಲ. ಎಡಗಣ್ಣಿನ ಆಪರೇಶನ್ನನ್ನು ಶೀತ, ಕೆಮ್ಮು ಎಂದು ಮುಂದೂಡುತ್ತ ಬಂದಳು.

*

"ಯಾರವ್ವಾ ಆ ಮನುಷ್ಯ?" ಎಂದು ಪಕ್ಕದ ಮನೆಯ ಪಾರವ್ವನನ್ನು ಕೇಳಿದಳು. ಪಾರವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಯಾವ ಮನುಷ್ಯ? ಹೊಸ ಶರ್ಟಿನವರೇನು?"

"ನೀನೂ ನೋಡಿಯೇನು ಶರ್ಟು?"

"ಸೊಸೈಟಿ ತುಂಬ ನೋಡೇದ. ಗದಗಿನವರು, ಲೋಕನಾಥ ಅಂತ. ಕಾತ್ರಜದಾಗ ಕುಪ್ಪಸದ ಖಣ, ಇಲಕಲ್ ಸೀರಿ ಅಂಗಡಿ ಅದ. ಈಗ ಮಗ ಮಾಂತು ನೋಡ್ಕೋತಾನ. ಹೆಂಡ್ತಿ ತೀರಿ ಭಾಳ ವರ್ಷ ಆತು. ಇಲ್ಲಿ ಹೊಸದಾಗಿ ಬಂದಾಗ ಬನಿಯನ್ ಮ್ಯಾಲ ಟಾವೆಲ್ ಹಾಕ್ಕೊಂಡು ಹಾಲು ತರಾಕ ಹೋಗೋರು. ಈಗ ನೋಡು, ದಿನಕ್ಕೊಂದು ಶರ್ಟು."

"ಯಾಕ ಹಂಗ?"

ಪಾರವ್ವ ಸೊಪ್ಪು ಬಿಟ್ಟು ಅವಳ ಮುಖ ನೋಡಿದಳು. "ನನ್ನ ಯಾಕ ಕೇಳ್ತಿ ಶೈಲಕ್ಕಾ? ದಿನಾ ಮುಂಜಾನೆ ಹೊರಳಿ ಹೊರಳಿ ಅವರನ್ನ ನೋಡಾಕಿ ನೀನು."

"ನಾನು?"

"ಮತ್ತ ನಾನೇನು? ಗಾರ್ಡನ್ ಬೆಂಚಿನ ಮ್ಯಾಲ ಕುಂತ ಹೆಂಗಸರೆಲ್ಲ ಲೆಕ್ಕ ಇಡ್ತಾರ. ನಿನ್ನೆ ಮೂರು ಸಲ ನೋಡಿದ್ಲು ಅಂತ, ಇವತ್ತು ಐದು ಸಲ ಅಂತ."

ಶೈಲಶ್ರೀಗೆ ಕಿವಿಯವರೆಗೂ ಬಿಸಿಯಾಯಿತು. ನೆರಳನ್ನು ನೋಡುತ್ತಿದ್ದೆ ಎನ್ನುವಂತಿಲ್ಲ. ಆತನನ್ನು ನೋಡುತ್ತಿದ್ದೆ ಎನ್ನುವಂತೆಯೂ ಇಲ್ಲ.

"ಕುತ್ತಿಗಿ ನೋವು ಅದ," ಎಂದಳು. "ಡಾಕ್ಟರು ಹೊರಳಿಸು ಅಂದಾರ."

"ಒಂದೇ ಕಡೆ?" ಎಂದು ಪಾರವ್ವ ಸೊಪ್ಪಿನ ಕಡೆಗೆ ಬಾಗಿದಳು. ಅವಳ ಹೆಗಲು ಕುಲುಕುತ್ತಿತ್ತು.

*

ಮರುದಿನದಿಂದ ಶೈಲಶ್ರೀ ಆತನನ್ನು ಕ್ಲೇಮಿನಂತೆ ಪರಿಶೀಲಿಸತೊಡಗಿದಳು.

ಅವಳು ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಆತನೂ ದಾಟುತ್ತಿದ್ದ. ಹೂವಿನವಳ ಬಕೆಟ್ ದಾರಿಗೆ ಅಡ್ಡ ಇದ್ದರೆ ಮುಂದೆ ಹೋಗಿ ಸರಿಸುತ್ತಿದ್ದ, ಯಾರಿಗಾಗಿ ಎಂದು ಹೇಳುತ್ತಿರಲಿಲ್ಲ. ರಸ್ತೆ ದಾಟುವಾಗ ಮಾತ್ರ ಸರಸರ ಬಂದು ಅವಳ ಬಲಕ್ಕೆ ನಿಲ್ಲುತ್ತಿದ್ದ. ದಾಟಿದೊಡನೆ ಹಿಂದೆ ಬೀಳುತ್ತಿದ್ದ. ಆತ ಬಲಕ್ಕಿದ್ದಾಗ ಔಡಲೆಣ್ಣೆಯ ಆ ವಾಸನೆ ಬರುತ್ತಿತ್ತು. ಜೊತೆಗೆ ಒಂದು ವಿಚಿತ್ರ, ನೆರಳು ಅಷ್ಟು ಹೊತ್ತು ತಿಳಿಯಾಗುತ್ತಿತ್ತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಮೂಲೆಯಲ್ಲಿ ದಿನವೂ ಒಂದು ಸ್ಕೂಟರ್ ನಿಂತಿರುತ್ತಿತ್ತು. ಅದರ ಕನ್ನಡಿಯಿಂದ ಬಿಸಿಲು ನೇರ ಅವಳ ಬಲಗಣ್ಣಿಗೆ ಚುಚ್ಚುತ್ತಿತ್ತು. ಅವಳು ಕೈ ಅಡ್ಡ ಹಿಡಿದು ದಾಟುತ್ತಿದ್ದಳು. ಒಂದು ದಿನ ನೋಡಿದರೆ ಕನ್ನಡಿ ಗೋಡೆಯ ಕಡೆ ತಿರುಗಿದೆ. ಮರುದಿನವೂ. ಅದರ ಮರುದಿನವೂ.

ಬೇರೆ ಯಾರಾದರೂ ಆಗಿದ್ದರೆ ಮನಸ್ಸು ಕರಗುತ್ತಿತ್ತು. ಶೈಲಶ್ರೀಗೆ ಅನುಮಾನ ಬಂತು. ನನ್ನ ಕಣ್ಣಿಗೆ ಬಿಸಿಲು ಚುಚ್ಚುವುದು ಯಾರಿಗೆ ಗೊತ್ತು? ಇಷ್ಟು ಹತ್ತಿರದಿಂದ ನನ್ನನ್ನು ನೋಡುತ್ತಿರುವವರು ಯಾರು, ಮತ್ತು ಯಾಕೆ?

ಆಕೆ ಹೊರಳಿ ನೋಡುತ್ತಿದ್ದಳು. ಆತ ಕಾಲರ್ ಮುಟ್ಟಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಕಣ್ಣಿಗೆ ಕಣ್ಣು ಸಿಕ್ಕಿ, ಇಬ್ಬರೂ ಒಟ್ಟಿಗೇ ಗುಲ್‌ಮೊಹರ್ ಮರದಲ್ಲಿ ಏನೋ ಹುಡುಕುತ್ತಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತರೆ ಅವಳ ಬೈತಲೆ ಎಂದಿಗಿಂತ ನೇರವಾಗಿರುತ್ತಿತ್ತು. ಅದನ್ನು ತೆಗೆದದ್ದು ತಾನೇ ಎಂಬುದನ್ನು ಅವಳು ಪರಿಶೀಲನೆಗೆ ತೆಗೆದುಕೊಳ್ಳಲಿಲ್ಲ.

ಆತನನ್ನು ಪರೀಕ್ಷಿಸಲೆಂದು ಒಂದು ಸಂಜೆ, ಯಾರಿಗೂ ಹೇಳದೆ, ಎಂದೂ ಹೋಗದ ಓಣಿಗೆ ಹೋದಳು. ಎರಡೂ ಕಡೆ ಕಂಪೌಂಡು ಗೋಡೆ. ಇಳಿಬಿಸಿಲು. ಅರ್ಧ ದಾರಿಗೆ ಬಲಗಡೆ ಯಾರೋ ಬಂದರು. ನಿಂತಳು. ಅವರೂ ನಿಂತರು. ಕೈಯಲ್ಲಿದ್ದ ಮಡಚಿದ ಕೊಡೆಯನ್ನು ಬಿಗಿಯಾಗಿ ಹಿಡಿದು ಗರ್ರನೆ ಹೊರಳಿದಳು.

ಕಾಗದದ ಹೂವಿನ ಬಳ್ಳಿ ಹಬ್ಬಿದ ಗೋಡೆ. ಮತ್ತೇನೂ ಇಲ್ಲ.

ಸರಸರ ನಡೆದು ಮನೆ ಸೇರಿ ಬಾಗಿಲಿಗೆ ಚಿಲಕ ಹಾಕಿದಳು. ಆ ರಾತ್ರಿ ಅವ್ವನ ಗೋಡೆ, ಗೋಡೆಯ ಹತ್ತಿರದ ಚಹಾದ ಕಪ್ ಕಣ್ಣ ಮುಂದೆಯೇ ಇದ್ದವು. ಹಾಗಾದರೆ ತನಗೂ ಅದೇ. ಅಲ್ಲ, ಅದಲ್ಲ. ಆ ಮನುಷ್ಯ ಗೋಡೆ ಹಾರಿ ಓಡಿರಬೇಕು. ಎಪ್ಪತ್ತರ ಮುದುಕ ಗೋಡೆ ಹಾರುವುದು ಅವಳಿಗೆ ಆ ಹೊತ್ತಿನಲ್ಲಿ ನಂಬುವಂಥದ್ದೇ ಎನ್ನಿಸಿತು. ಇನ್ನೊಂದನ್ನು ನಂಬುವುದಕ್ಕಿಂತ ಅದು ಹಗುರ.

ಬೆಳಿಗ್ಗೆ ಗಾರ್ಡನ್ ಗೇಟಿನಲ್ಲಿ ವಾಸನೆ ಬಂತು, ನೆರಳು ಬಂತು. ಅವಳು ಹೊರಳಿದಳು. ಆತ ನಸುಹಳದಿ ಶರ್ಟಿನಲ್ಲಿ ನಗುತ್ತಿದ್ದ.

"ರೋಜ್ ರೋಜ್ ಮಾಝ್ಯಾ ಮಾಗೆ ಕಾ ಯೇತಾ ತುಮ್ಹೀ?" ಎಂದು ಅವಳು ಜೋರಾಗಿ, ಮರಾಠಿಯಲ್ಲಿ ಕೇಳಿದಳು. ದಿನಾ ನನ್ನ ಹಿಂದೆ ಯಾಕೆ ಬರುತ್ತೀರಿ? "ಲಾಜ್ ವಾಟತ್ ನಾಹೀ?" ನಾಚಿಕೆಯಾಗುವುದಿಲ್ಲವೇ?

ಬೆಂಚಿನ ಹೆಂಗಸರು ಒಟ್ಟಿಗೇ ಇತ್ತ ತಿರುಗಿದರು. ಎಳನೀರಿನವನ ಕತ್ತಿ ಗಾಳಿಯಲ್ಲೇ ನಿಂತಿತು. ವಾಚ್‌ಮನ್ ಎದ್ದು ಬಂದ.

ಆತನ ಕೈ ಕಾಲರಿಗೆ ಹೋಗುತ್ತಿದ್ದದ್ದು ಅರ್ಧಕ್ಕೇ ಇಳಿಯಿತು. "ತಪ್ಪಾತ್ರಿ ಬಾಯಾರ," ಎಂದ, ಮೆಲ್ಲಗೆ, ಕನ್ನಡದಲ್ಲೇ. ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ ನಡೆದ. ಬೆನ್ನಿನ ಮೇಲೆ ಇಸ್ತ್ರಿಯ ಗೆರೆ ಹಾಗೆಯೇ ಇತ್ತು.

*

ಮರುದಿನ ಆತ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನೆರಳು ಮಾತ್ರ ಬಂತು. ತಪ್ಪದೆ, ಬಲಗಡೆಗೆ, ಹೆಗಲಿಗೆ ಹೆಗಲು ಕೊಟ್ಟು. ಸ್ಕೂಟರಿನ ಕನ್ನಡಿ ಮತ್ತೆ ರಸ್ತೆಯ ಕಡೆ ತಿರುಗಿತ್ತು. ಬಿಸಿಲು ಚುಚ್ಚಿ ಕಣ್ಣಲ್ಲಿ ನೀರು ಬಂತು. ಆ ನೀರು ಬಿಸಿಲಿನದಷ್ಟೇ ಅಲ್ಲವೇನೋ ಎಂದು ಅವಳಿಗೇ ಅನುಮಾನವಾಯಿತು.

ಶೈಲಶ್ರೀ ಬೆಂಚಿನ ಮೇಲೆ ಕೂತು ಮೂಗೆಳೆದು ನೋಡಿದಳು. ಮಣ್ಣು, ಎಳನೀರು, ಯಾರದೋ ಅಗರಬತ್ತಿ. ಔಡಲೆಣ್ಣೆ ಇಲ್ಲ. ಆ ಸಂಜೆಯ ಓಣಿಯಲ್ಲೂ ಇರಲಿಲ್ಲ.

ನೌಕರಿಯ ದಿನಗಳಲ್ಲಿ ಹೀಗೇ ಆಗುತ್ತಿತ್ತು. ಎರಡು ಕ್ಲೇಮುಗಳ ಕಾಗದ ಒಂದೇ ಫೈಲಿನಲ್ಲಿ ಸೇರಿ, ಒಬ್ಬನ ತಪ್ಪು ಇನ್ನೊಬ್ಬನ ತಲೆಗೆ ಬರುತ್ತಿತ್ತು. ಬಿಡಿಸಿ ಇಟ್ಟರೆ ಎಲ್ಲ ಸಲೀಸು. ವಾಸನೆ ಆತನದು. ನೆರಳು ನನ್ನದು.

ಅಂದರೆ ಆತನಿಗೆ ಆ ಮಾತು ಹೇಳಬಾರದಿತ್ತು. ಕ್ಷಮೆ ಕೇಳಬೇಕಾದರೆ ನೆರಳಿನ ಮಾತು ಹೇಳಬೇಕು. ನೆರಳಿನ ಮಾತು ಹೇಳಬೇಕಾದರೆ ಮೊದಲು ಅದೇನೆಂದು ತನಗೆ ಗೊತ್ತಾಗಬೇಕು. ಆ ಮಧ್ಯಾಹ್ನವೇ ಅವಳು ಡಾಕ್ಟರ್ ನೀತಾ ಅವರ ಮುಂದೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು. ಅವ್ವನ ಗೋಡೆಯನ್ನೂ ಹೇಳಿದಳು.

ಡಾಕ್ಟರ್ ನಗಲಿಲ್ಲ. ಕಣ್ಣಿಗೆ ಹನಿ ಹಾಕಿ, ಹಿಂಭಾಗದ ಪರದೆಯನ್ನೆಲ್ಲ ಬೆಳಕು ಬಿಟ್ಟು ನಿಧಾನ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡರು. "ಬಲಗೈ ಎತ್ತಿ ಕಣ್ಣಿನ ಪಕ್ಕ ಹೀಗೆ ಅಡ್ಡ ಹಿಡಿಯಿರಿ. ಟಾಂಗಾ ಕುದುರೆಗೆ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಈಗ?"

ನೆರಳು ತಿಳಿಯಾಯಿತು. ಶೈಲಶ್ರೀ ಬೆಚ್ಚಿ ಕೈ ಇಳಿಸಿದಳು. ಮತ್ತೆ ಎತ್ತಿದಳು.

"ತಲೆಯೊಳಗಿನದಾಗಿದ್ದರೆ ಕೈ ಅಡ್ಡ ಹಿಡಿದರೆ ಹೋಗುತ್ತಿತ್ತೇ?" ಎಂದರು ಡಾಕ್ಟರ್. "ಬದಿಯಿಂದ ಬರುವ ಬೆಳಕು ಹೊಸ ಲೆನ್ಸಿನ ಅಂಚಿನಲ್ಲಿ ಹೀಗೆ ಮಾಡುತ್ತದೆ. ಕೆಲವರಿಗೆ ಆಗುತ್ತದೆ. ನಿಧಾನಕ್ಕೆ ಮಿದುಳು ಅದನ್ನು ಕಡೆಗಣಿಸಲು ಕಲಿಯುತ್ತದೆ, ಒಂದಿಷ್ಟು ಉಳಿದರೂ ಉಳಿಯಬಹುದು. ದಪ್ಪ ಫ್ರೇಮಿನ ಕನ್ನಡಕ ಹಾಕಿ ನೋಡಿ. ಎರಡನೇ ಕಣ್ಣಾದ ಮೇಲೆ ಎಷ್ಟೋ ಜನರಿಗೆ ಕಡಿಮೆಯಾಗಿದೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ, ಶೈಲಾತಾಯಿ?"

ಅವಳು ಕೈಯನ್ನು ಕಣ್ಣಿನ ಪಕ್ಕ ಎತ್ತುತ್ತ, ಇಳಿಸುತ್ತ ಕೂತಿದ್ದಳು. ರಸ್ತೆ ದಾಟುವಾಗ ಒಬ್ಬ ಮನುಷ್ಯ ಬಲಕ್ಕೆ ಬಂದು ನಿಂತರೆ ಬೆಳಕಿಗೆ ಅಡ್ಡವಾಗುತ್ತಾನೆ. ನೆರಳು ತಿಳಿಯಾಗುತ್ತದೆ. ಅಷ್ಟೇ ಸಂಗತಿ.

ಅಷ್ಟೆಯೇ?

*

ಸಂಜೆ ಅಪೇಕ್ಷಾಳಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಎಡಗಣ್ಣಿಗೆ ಒಪ್ಪಿದ್ದೇನೆ ಎಂದಳು. ಅಪೇಕ್ಷಾ ಬೈದಳು, ಅತ್ತಳು, ಆಮೇಲೆ ಸಂತೋಷದಲ್ಲಿ ಬಾಯಿ ತಪ್ಪಿ ಅಂದುಬಿಟ್ಟಳು.

"ಆಪರೇಶನ್ ದಿನಾ ನಂಗ ಬರೋದು ಲೇಟ್ ಆದ್ರ ಲೋಕನಾಥ ಅಂಕಲ್‌ಗೆ ಹೇಳ್ತಿದ್ದೆ ಮಾವಶಿ. ಆದ್ರ ಅವ್ರು ಕಾತ್ರಜಕ್ಕ ಮಗನ ಹತ್ರ ಹೋಗ್ಯಾರಂತ, ಮೆಸೇಜ್ ಮಾಡಿದ್ರು."

ಶೈಲಶ್ರೀಯ ಕೈಯಲ್ಲಿ ಫೋನು ತಣ್ಣಗಾಯಿತು. "ಅವರ ನಂಬರ್ ನಿನ್ನ ಹತ್ರ ಯಾಕದ?"

"ಅದು... ಸುಮ್ನ. ಮೀಟಿಂಗ್ ಅದ, ಆಮ್ಯಾಲ ಮಾಡ್ತೀನಿ."

ಹಾಗಾದರೆ ಇದು! ವಿಮಾನ ನಗರದಿಂದ ಇಟ್ಟ ಕಾವಲು. ಬಕೆಟ್ ಸರಿಸಿದ್ದು, ಕನ್ನಡಿ ತಿರುಗಿಸಿದ್ದು, ಬಲಕ್ಕೆ ಬಂದು ನಿಂತದ್ದು, ಎಲ್ಲ ಹೇಳಿಸಿಕೊಂಡ ಕೆಲಸ. ಹೊಸ ಶರ್ಟುಗಳು ಲೆಕ್ಕಕ್ಕೆ ಹೊಂದಲಿಲ್ಲ. ಆದರೆ ಸಿಟ್ಟಿನಲ್ಲಿ ಅವಳು ಲೆಕ್ಕ ತಾಳೆ ನೋಡಲಿಲ್ಲ. ಇಷ್ಟು ಸಿಟ್ಟು ಯಾಕೆ ಬರುತ್ತಿದೆ ಎಂದು ಕೇಳಿಕೊಂಡಾಗ ಮಾತ್ರ ನೀರು ಕುಡಿಯಬೇಕಾಯಿತು. ಆತ ತನಗಾಗಿ ನಡೆದಿರಲಿ ಎಂದು ಅವಳಿಗೆ ಆಸೆಯಿತ್ತು. ಈ ವಯಸ್ಸಿನಲ್ಲಿ ಅಂಥ ಆಸೆ ಎಲ್ಲಿಂದ ಒಳಗೆ ಬಂತೋ ಗೊತ್ತಾಗಲಿಲ್ಲ.

ಬೆಳಿಗ್ಗೆ ನೇರಳೆ ಇಲಕಲ್ ಉಟ್ಟು, ನಿನ್ನೆ ಆಸ್ಪತ್ರೆಯ ಅಂಗಡಿಯಲ್ಲೇ ಕೊಂಡ ದಪ್ಪ ಫ್ರೇಮಿನ ಕನ್ನಡಕ ಹಾಕಿ, ಕಾತ್ರಜದ ಬಸ್ಸು ಹತ್ತಿದಳು.

ಸಾತಾರಾ ರಸ್ತೆಯ ಬದಿಗೆ, ಊರಿಗೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಅಂಗಡಿ. ಹಣದ ಗಲ್ಲೆಯ ಮೇಲಿದ್ದ ಮಾಂತು, "ಬರ್ರಿ ಅಕ್ಕಾರ," ಎಂದು ಎದ್ದ. ಆಮೇಲೆ ಒಳಗಿನಿಂದ ಬಂದ ತಂದೆಯ ಮುಖ ನೋಡಿದ, ಅವಳ ಮುಖ ನೋಡಿದ, "ಚಾ ಹೇಳಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದ. ಚಹಾದ ಗಾಡಿ ಎದುರಿಗೇ ಇತ್ತು. ಆದರೂ ಆತ ಬಹಳ ಹೊತ್ತು ಬರಲಿಲ್ಲ.

ಲೋಕನಾಥ ಹಳೆಯ, ಸುಕ್ಕುಬಿದ್ದ ಬಿಳಿ ಅಂಗಿಯಲ್ಲಿದ್ದ.

"ಖಣ ನೋಡಾಕ ಬಂದೀನಿ," ಎಂದಳು ಶೈಲಶ್ರೀ.

"ಕೋಣತಾ ರಂಗ್ ದಾಖವೂ?" ಎಂದ ಲೋಕನಾಥ, ಯಾವ ಬಣ್ಣ ತೋರಿಸಲಿ ಎಂದು, ತುಂಬ ವಿನಯದಿಂದ, ಶುದ್ಧ ಮರಾಠಿಯಲ್ಲಿ.

ಅವಳು ತುಟಿ ಕಚ್ಚಿದಳು. "ನಂಗ ಕನ್ನಡ ಬರ್ತದ."

"ಗೊತ್ತದರಿ. ನಿಮಗ ಮರ್ತಿತ್ತು." ಆತ ಖಣದ ಬಟ್ಟೆಯ ಥಾನೊಂದನ್ನು ಇಳಿಸಿ ಮಡಿಕೆ ಬಿಚ್ಚಿದ. ನೇರಳೆಯ ಒಳಗಿಂದ ಕೆಂಪು ಮಿಂಚಿತು. "ಬೈದಿದ್ದು ನೋವಾಗ್ಲಿಲ್ರಿ ಬಾಯಾರ. ಗಾರ್ಡನ್ ತುಂಬ ಮಂದಿ ಇದ್ರು, ಅದೂ ಇರ್ಲಿ. ಪರಕೀಯರಿಗೆ ಬೈದಂಗ ಮರಾಠಿಯೊಳಗ ಬೈದ್ರಲ್ಲ, ಅದು."

"ತಪ್ಪಾತು. ಕನ್ನಡದಾಗ ಹೇಳ್ತೀನಿ, ತಪ್ಪಾತು." ಅವಳು ಖಣದ ಅಂಚನ್ನು ಸವರಿದಳು. ಆಮೇಲೆ ಬಟ್ಟೆ ನೋಡುತ್ತಲೇ ನೆರಳಿನ ಕತೆ ಹೇಳಿದಳು. ಅವ್ವನ ಗೋಡೆ, ಕೊಡೆ ಹಿಡಿದು ಹೊರಳಿದ್ದು, ಕಾಗದದ ಹೂವು, ಡಾಕ್ಟರು. "ಅಂದ್ರ, ನಾ ದಿನಾ ಹೊರಳಿ ನೋಡ್ತಿದ್ದದ್ದು ನಿಮ್ಮನ್ನಲ್ಲ. ಪೂರ್ತಿ ನಿಮ್ಮನ್ನಲ್ಲ."

ಆತ ಥಾನನ್ನು ಮಡಚತೊಡಗಿದ. ಕಿವಿ ಕೆಂಪಾಗಿತ್ತು.

"ಮೊದಲ ಮೊದಲ ನನ್ನ ನೋಡ್ತೀರಿ ಅಂತನ ತಿಳ್ಕೊಂಡಿದ್ದೆ. ಹೊರಳಿ ನೋಡೂದಷ್ಟ ಆಗಿದ್ರ ಬ್ಯಾರೆ. ನಿಮ್ಮ ಕಣ್ಣು ಮಿಂಚ್ತಿತ್ತು. ಬಿಸಿಲು ಬಿದ್ದಾಗ ಒಳಗ ಯಾರೋ ಕನ್ನಡಿ ಹಿಡದಂಗ."

ಶೈಲಶ್ರೀ ಬಾಯಿಗೆ ಸೆರಗು ಹಿಡಿದಳು. "ಅದು ಲೆನ್ಸ್ ರೀ! ಒಳಗ ಕೂಡಿಸಿದ್ದು. ಬೆಳಕಿಗೆ ಹೊಳೀತದ."

"ಹೌದಾ?" ಆತ ತನ್ನ ಸುಕ್ಕಾದ ಅಂಗಿ ನೋಡಿಕೊಂಡ. "ಆ ಲೆನ್ಸಿನ ಸಲವಾಗಿ ನಾಕು ಶರ್ಟ್ ಹೊಲಿಸೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಆತನೂ ನಕ್ಕ. ಹೊರಗೆ ಬಸ್ಸೊಂದು ಹಾರನ್ ಹಾಕುತ್ತ ಹೋಯಿತು.

"ಆಮ್ಯಾಲ ಒಂದಿನ ನಾ ನಿಮ್ಮ ಎಡಕ್ಕ ಇದ್ದೆ," ಎಂದ ಲೋಕನಾಥ. "ನೀವು ಬಲಕ್ಕ ಹೊರಳಿದ್ರಿ. ಅಲ್ಲಿ ಯಾರೂ ಇರ್ಲಿಲ್ಲ. ನಿಮ್ಮ ಮಾರಿ ಮ್ಯಾಲ ಹೆದರಿಕಿ ಇತ್ತು. ನನ್ನ ನೋಡೋ ಮಾರಿ ಅಲ್ಲ ಅದು ಅಂತ ಅವತ್ತ ತಿಳೀತು."

"ತಿಳಿದ ಮ್ಯಾಲೂ ಬಂದ್ರಲ್ಲ."

"ಬಂದೆ."

"ಅಪೇಕ್ಷಾ ಹೇಳಿದ್ಲು ಅಂತ." ಅವಳ ದನಿ ಗಟ್ಟಿಯಾಯಿತು. "ನಂಗ ಎಲ್ಲಾ ಗೊತ್ತಾಗೇದ. ಆಕಿ ನಿಮ್ಮನ್ನ ನನ್ನ ಕಾವಲಿಗೆ ಇಟ್ಟಿದ್ಲು. ಹೌದೋ ಅಲ್ಲೋ?"

"ಕೇಳಿದ್ಲು ಖರೆ. ಗೇಟಿನ ಹತ್ರ ನಂಬರ್ ತಗೊಂಡು, ಮಾವಶಿ ಹೆಂಗದಾಳ ಅಂತ ದಿನಾ ತಿಳಿಸ್ತೀರೇನು ಅಂದ್ಲು. ಆಗಂಗಿಲ್ಲವ್ವಾ ಅಂದೆ."

"ಒಂದು ನಿಮಿಷ," ಎಂದಳು ಶೈಲಶ್ರೀ. ಬ್ಯಾಗಿನಿಂದ ಫೋನು ತೆಗೆದು, ಆತನ ಎದುರಿಗೇ ಅಪೇಕ್ಷಾಳಿಗೆ ಹಚ್ಚಿ, ಸ್ಪೀಕರ್ ಒತ್ತಿ ಗಲ್ಲೆಯ ಮೇಲಿಟ್ಟಳು. "ಖರೆ ಹೇಳು. ಲೋಕನಾಥ ಅವರು ನಿನಗ ಏನಂದ್ರು?"

"ಸಾರಿ ಮಾವಶಿ, ಕೇಳಿದ್ದು ನನ್ನ ತಪ್ಪು," ಎಂದಿತು ಅಪೇಕ್ಷಾಳ ದನಿ. "ಅವ್ರು ಒಪ್ಪಲೇ ಇಲ್ಲ. ನಿಮ್ಮ ಮಾವಶಿಯವರದು ರಿಪೋರ್ಟ್ ಕೊಡಾಕ ನನ್ನಿಂದ ಆಗಂಗಿಲ್ಲ, ಅವ್ರಿಗೆ ಗೊತ್ತಾದ್ರ ಸೇರಂಗಿಲ್ಲ ಅಂದ್ರು. ನಾ ಮತ್ತ ಮತ್ತ ಕೇಳಿದ್ದಕ್ಕ, ನಾ ನನ್ನ ಸಲವಾಗಿ ನಡೀತೀನವ್ವಾ, ನಿನ್ನ ಸಲವಾಗಿ ಅಲ್ಲ, ಅಂದ್ಬಿಟ್ರು. ಯಾಕ? ನೀ ಎಲ್ಲಿದ್ದೀ?"

"ಖಣ ತಗೋಳಾಕ ಬಂದೀನಿ. ಇಡ್ತೀನಿ," ಎಂದು ಶೈಲಶ್ರೀ ಫೋನು ಮುಚ್ಚಿದಳು.

ಲೋಕನಾಥ ಕೈಕಟ್ಟಿ ನಿಂತಿದ್ದ. "ಪಾಸಾತೇನ್ರಿ?"

"ಇನ್ನೊಂದು ಅದ. ತಿಳಿದ ಮ್ಯಾಲೂ ಯಾಕ ಬಂದ್ರಿ?"

ಆತ ಖಣದ ಅಂಚನ್ನು ಅಂಚಿಗೆ ಕೂಡಿಸಿದ.

"ದಿನಾ ಹೊರಳಿ ಹುಡುಕ್ತಿದ್ರಿ. ಅಲ್ಲಿ ಯಾರೂ ಇರ್ತಿದ್ದಿಲ್ಲ. ಹುಡುಕೋ ಜಾಗದಾಗ ಯಾರರ ಒಬ್ರು ಇರ್ಲಿ ಅಂತ ಬಂದೆ."

ಶೈಲಶ್ರೀ ಕನ್ನಡಕ ತೆಗೆದು ಒರೆಸಿದಳು. ಅದು ಚೊಕ್ಕಟವಾಗಿಯೇ ಇತ್ತು.

"ಆ ಸ್ಕೂಟರ್ ಕನ್ನಡಿ?" ಎಂದಳು.

"ಯಾವ ಸ್ಕೂಟರ್?" ಎಂದ ಲೋಕನಾಥ. ಆತನ ಕೈ ಸುಕ್ಕಾದ ಕಾಲರಿಗೆ ಹೋಯಿತು.

"ಮತ್ತ ತಲಿಗೆ ಏನ್ ಹಚ್ಚತೀರಿ?"

"ಔಡಲೆಣ್ಣಿ. ನಮ್ಮವ್ವ ರೂಢಿ ಮಾಡ್ಸಿದ್ದು, ತಂಪು ಅಂತ. ವಾಸನಿ ಬರ್ತದೇನು? ನಾಳಿಂದ ಬಿಡ್ತೀನಿ."

"ಬಿಟ್ಟೀರಿ ಮತ್ತ!" ಎಂದಳು ಅವಳು, ಎಷ್ಟು ಜೋರಾಗಿ ಎಂದರೆ ಎದುರಿನ ಗಾಡಿಯಲ್ಲಿ ಚಹಾ ಹಿಡಿದು ನಿಂತಿದ್ದ ಮಾಂತು ಇತ್ತ ತಿರುಗಿ, ಮತ್ತೆ ಅವಸರದಿಂದ ಅತ್ತ ತಿರುಗಿದ.

*

ಎಡಗಣ್ಣಿನ ಆಪರೇಶನ್ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಎಡಗಣ್ಣಿಗೆ ಪಟ್ಟಿ ಹಾಕಿ, ಅವಳನ್ನು ಹೊರಗಿನ ಹಾಲಿನ ಕುರ್ಚಿಯ ಮೇಲೆ ಕೂಡಿಸಿದ್ದರು. ಅಪೇಕ್ಷಾ ಕಾರು ತರಲು ಕೆಳಗೆ ಹೋಗಿದ್ದಳು. ಬೆಳಿಗ್ಗೆಯಿಂದ ಶೈಲಶ್ರೀಯ ಹೊಟ್ಟೆ ಖಾಲಿ.

ಈಗ ಲೋಕವೆಲ್ಲ ಬಲಗಣ್ಣಿನ ಪಾಲಿಗೆ. ಕನ್ನಡಕ ಬ್ಯಾಗಿನಲ್ಲಿತ್ತು. ಎತ್ತರದ ಕಿಟಕಿಯಿಂದ ಬಿಸಿಲು ಬದಿಗೆ ಬೀಳುತ್ತಿತ್ತು. ನೆರಳು ತನ್ನ ಜಾಗಕ್ಕೆ ಬಂದು ನಿಂತಿತ್ತು, ಹೆಗಲಿಗೆ ಹೆಗಲು ಕೊಟ್ಟು. ಅವಳು ಅದನ್ನು ಇರಗೊಟ್ಟಳು.

ಆಮೇಲೆ ಆಸ್ಪತ್ರೆಯ ಔಷಧದ ವಾಸನೆಯ ನಡುವಿನಿಂದ, ಸ್ವಲ್ಪ ಕಮಟಾಗಿ, ಸ್ವಲ್ಪ ಸಿಹಿಯಾಗಿ, ಅಜ್ಜಿಯ ಪಡಸಾಲೆ ಬಂತು. ನೆರಳು ನಿಧಾನವಾಗಿ ತಿಳಿಯಾಯಿತು. ಪಕ್ಕದ ಕುರ್ಚಿ ಮೆಲ್ಲಗೆ ಕಿರುಗುಟ್ಟಿತು. ಇಸ್ತ್ರಿ ಮಾಡಿದ ತೋಳೊಂದರ ಸರಬರ.

ಶೈಲಶ್ರೀ ಹೊರಳಿ ನೋಡಲಿಲ್ಲ. ಮುಂದೆ ನೋಡುತ್ತಲೇ ಬಲಗೈಯನ್ನು ಬದಿಗೆ ಚಾಚಿದಳು.

ನೇರಳೆ ಖಣದ ತುಂಡಿನಲ್ಲಿ ಕಟ್ಟಿದ, ಇನ್ನೂ ಬಿಸಿಯಿದ್ದ ಡಬ್ಬಿಯೊಂದು ಅವಳ ಅಂಗೈಗೆ ಬಂದು ಕೂತಿತು. ಅವಳ ಬೆರಳುಗಳು ಅದನ್ನು ಸರಿಯಾಗಿ ಹಿಡಿಯುವ ತನಕ ಇನ್ನೊಂದು ಕೈ ಅದರ ತಳದಲ್ಲೇ ಇತ್ತು.